ಇವತ್ತು ರಾತ್ರಿ ಏನು ನೋಡೋದು? ಮೊದಲು ಹೊರಗೆ ಬರುವ ಬಾಗಿಲು ಹುಡುಕಿ

ಏನು ನೋಡೋಣ ಎಂದು ಯಾರನ್ನಾದರೂ ಕೇಳಿ. "ಅದು ಸಖತ್ತಾಗಿದೆ, ಇದು ಸುಮಾರು" ಎಂಬ ತೀರ್ಪು ತಟ್ಟನೆ ಬರುತ್ತದೆ. ಈ ತೀರ್ಪಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಸಖತ್ತಾಗಿರುವುದೇ ರಾಶಿ ರಾಶಿ ಬಿದ್ದಿದೆ, ಎಲ್ಲ ನೋಡಿ ಮುಗಿಸುವಷ್ಟು ಆಯಸ್ಸು ಯಾರಿಗೂ ಬರೆದಿಲ್ಲ. ರಿಮೋಟ್ ಎತ್ತಿಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಇದು ಮುಗಿಯುತ್ತದಾ? ಮುಗಿಯುವುದಾದರೆ ಯಾವಾಗ? ಮುಗಿದದ್ದು ನಮಗೆ ಗೊತ್ತಾಗುತ್ತದಾ?

ಮೂರನೆಯದನ್ನು ತಮಾಷೆಗೆ ಸೇರಿಸಿಲ್ಲ. 2007ರ ಜೂನ್ 10ರಂದು ಅಮೆರಿಕದಲ್ಲಿ ಟಿವಿ ಸರಣಿ ದಿ ಸೊಪ್ರಾನೋಸ್‌ನ ಕಟ್ಟಕಡೆಯ ಕಂತು ಬಂತು. ನಾಯಕ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾನೆ, ಹಾಡು ನಡುವೆಯೇ ನಿಲ್ಲುತ್ತದೆ, ಪರದೆ ಕಪ್ಪಾಗುತ್ತದೆ. ಅಷ್ಟೇ. ವರ್ಷಗಟ್ಟಲೆ ಕಾದು ಕೂತಿದ್ದ ಎಷ್ಟೋ ಮಂದಿ ಕೇಬಲ್ ಕೈಕೊಟ್ಟಿತೆಂದು ಬೈದುಕೊಂಡರು. ಕಥೆ ಮುಗಿದಿತ್ತು.

ಆದ್ದರಿಂದ ಈ ಹೋಲಿಕೆಯಲ್ಲಿ ನಟನೆಗೆ, ಛಾಯಾಗ್ರಹಣಕ್ಕೆ, ಸಂಗೀತಕ್ಕೆ ಅಂಕವಿಲ್ಲ. ಒಳಗೆ ಹೋದ ಮನುಷ್ಯ ಹೊರಗೆ ಬರುವುದು ಹೇಗೆ ಅನ್ನುವುದಕ್ಕೆ ಮಾತ್ರ.

ಸಿನಿಮಾ

ಸಿನಿಮಾದ ದೊಡ್ಡ ಗುಣವೆಂದರೆ ಅದು ಮುಗಿಯುತ್ತದೆ. ಕೆಟ್ಟದಾಗಿದ್ದರೂ ಮುಗಿಯುತ್ತದೆ. ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮೊದಲೇ ಬರೆದೂ ಇಟ್ಟಿರುತ್ತಾರೆ. ಟ್ರೇಲರ್ ನೋಡುವ ಮುಂಚೆ ಆ ಸಣ್ಣ ಅಕ್ಷರ ಓದಿ. ಟ್ರೇಲರ್ ಎಷ್ಟು ಸುಳ್ಳನ್ನಾದರೂ ಹೇಳೀತು, ಅವಧಿ ಮಾತ್ರ ಸುಳ್ಳು ಹೇಳುವುದಿಲ್ಲ.

ನನ್ನ ಲೆಕ್ಕದಲ್ಲಿ ನೂರು ನಿಮಿಷದೊಳಗಿನ ಸಿನಿಮಾ ಕೆಲಸದ ದಿನಕ್ಕೆ ಅತ್ಯುತ್ತಮ ಆಯ್ಕೆ. ಅದಕ್ಕಿಂತ ಉದ್ದವಾದದ್ದಕ್ಕೆ ನಿರ್ದೇಶಕರು ಕಾರಣ ಕೊಡಬೇಕು. ಟೈಟಾನಿಕ್ ಹಡಗು 1912ರಲ್ಲಿ ಹಿಮಬಂಡೆಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಹಿಡಿದದ್ದು ಸುಮಾರು 2 ಗಂಟೆ 40 ನಿಮಿಷ. ಅದರ ಮೇಲೆ 1997ರಲ್ಲಿ ಬಂದ ಸಿನಿಮಾ ಮೂರೂಕಾಲು ಗಂಟೆಯ ಆಸುಪಾಸು. ಹಡಗೇ ಬೇಗ ಕೆಲಸ ಮುಗಿಸಿತ್ತು. ಇನ್ನು ಸಹನೆಯ ಪರೀಕ್ಷೆಯೇ ಬೇಕೆನ್ನುವವರಿಗೆ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ 1964ರಲ್ಲಿ ತೆಗೆದ ಎಂಪೈರ್ ಇದೆ: ಎಂಪೈರ್ ಸ್ಟೇಟ್ ಕಟ್ಟಡ, ಅಲ್ಲಾಡದ ಕ್ಯಾಮೆರಾ, 8 ಗಂಟೆ 5 ನಿಮಿಷ. ಕಟ್ಟಡ ಏನೂ ಮಾಡುವುದಿಲ್ಲ. ಆದರೂ ಅದು ಮುಗಿಯುತ್ತದೆ ಎಂಬುದನ್ನು ಗಮನಿಸಿ. ಮುಂದೆ ಬರುವ ಕೆಲವು ಪ್ರಕಾರಗಳಿಗೆ ಈ ಸೌಜನ್ಯವೂ ಇಲ್ಲ.

ಒಂದು ಎಚ್ಚರಿಕೆ. 2008ರಲ್ಲಿ ಐರನ್ ಮ್ಯಾನ್ ಬಂದು, ಹೆಸರುಗಳೆಲ್ಲ ಉರುಳಿ ಹೋದ ಮೇಲೆ ಇನ್ನೊಂದು ದೃಶ್ಯ ತೋರಿಸಿತು. ಹಾಗೆ ಮಾಡಿದ ಮೊದಲ ಸಿನಿಮಾ ಅದೇನಲ್ಲ, ಆದರೆ ಚಟ ಹತ್ತಿಸಿದ್ದು ಅದು. ಅಂದಿನಿಂದ ಸೂಪರ್‌ಹೀರೋ ಸಿನಿಮಾ ಮುಗಿದ ಮೇಲೂ ಜನ ಏಳುವುದಿಲ್ಲ. ಎಂಟು ನಿಮಿಷ ಕೂತು, ಕಂಪ್ಯೂಟರ್‌ನಲ್ಲಿ ಹೊಗೆ ಬರೆದವರ, ಹೊಗೆಯ ನೆರಳು ಬರೆದವರ ಹೆಸರುಗಳನ್ನೆಲ್ಲ ಓದುತ್ತಾರೆ. ಕೊನೆಗೆ ಯಾರೋ ಒಬ್ಬ ಕತ್ತಲಿನಿಂದ ಬಂದು "ಇದು ಶುರು ಅಷ್ಟೇ" ಎನ್ನುವ ಧಾಟಿಯಲ್ಲಿ ನಗುತ್ತಾನೆ. ಇದು ಸಿನಿಮಾ ಅಲ್ಲ, ಮುಂದಿನ ಸಿನಿಮಾದ ಜಾಹೀರಾತಿಗೆ ನೀವೇ ಟಿಕೆಟ್ ಕೊಂಡು ಕೂತದ್ದು. ಸರಣಿ ಸಿನಿಮಾಗಳನ್ನು ಆರಿಸುವುದಾದರೆ ಒಂಟಿಯಾಗಿ ನಿಲ್ಲುವ ಭಾಗವನ್ನೇ ಆರಿಸಿ. ಏಳನೆಯ ಭಾಗ ಅರ್ಥವಾಗಲು ಹಿಂದಿನ ಆರು ನೋಡಿರಬೇಕು ಅಂದರೆ ಅದು ಮನರಂಜನೆಯಲ್ಲ, ಸಿಲೆಬಸ್ಸು.

ದಿನದ ಧಾರಾವಾಹಿ

ಇದನ್ನು ಹೀಯಾಳಿಸುವುದು ಸುಲಭ. ಹೀಯಾಳಿಸುವವರಿಗೆ ಎಲ್ಲ ಪಾತ್ರಗಳ ಹೆಸರೂ ಗೊತ್ತಿರುತ್ತದೆ, ಅದು ಬೇರೆ ಮಾತು.

ಹನುಮಂತನ ಬಾಲ ಅನ್ನುವುದು ಇಲ್ಲಿ ಬೈಗುಳವಲ್ಲ, ಒಪ್ಪಂದದ ಮೊದಲ ಷರತ್ತು. ಅಮೆರಿಕದಲ್ಲಿ ಈ ಪ್ರಕಾರ ರೇಡಿಯೋ ಕಾಲದಲ್ಲಿ ಸೋಪು ಮಾರುವ ಕಂಪನಿಗಳ ದುಡ್ಡಿನಿಂದ ಬೆಳೆಯಿತು. ಸೋಪು ದಿನಾ ಬೇಕು, ಹಾಗಾಗಿ ಕಥೆಯೂ ದಿನಾ ಬೇಕು. ಗೈಡಿಂಗ್ ಲೈಟ್ ಎಂಬುದು 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, 2009ರವರೆಗೆ ನಡೆಯಿತು. ಒಟ್ಟು 72 ವರ್ಷ. ಕೇಳಲು ಶುರು ಮಾಡಿದವರ ಮೊಮ್ಮಕ್ಕಳು ನೋಡಿ ಮುಗಿಸಿರಬೇಕು. ಬ್ರಿಟನ್ನಿನ ಕೊರೊನೇಷನ್ ಸ್ಟ್ರೀಟ್ 1960ರ ಡಿಸೆಂಬರಿನಲ್ಲಿ ಶುರುವಾಯಿತು, ಇನ್ನೂ ನಿಂತಿಲ್ಲ. ಮೊದಲ ಕಂತಿನಲ್ಲಿ ಓದುವ ಹುಡುಗನಾಗಿ ಬಂದ ಕೆನ್ ಬಾರ್ಲೋ ಪಾತ್ರವನ್ನು ವಿಲಿಯಂ ರೋಚ್ ಎಂಬ ಒಬ್ಬರೇ ನಟ ಅರವತ್ತು ವರ್ಷಕ್ಕೂ ಮೀರಿ ಮಾಡಿಕೊಂಡು ಬಂದಿದ್ದಾರೆ. ಇಷ್ಟು ಕಾಲ ಒಂದೇ ಬೀದಿಯಲ್ಲಿ ಯಾರೂ ನೆಮ್ಮದಿಯಿಂದಿಲ್ಲ ಎಂಬುದೇ ಅದರ ಸಾಧನೆ.

ಇಷ್ಟು ವರ್ಷ ಎಳೆಯುವುದು ಹೇಗೆ? ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ. ಬಾಗಿಲು ತೆರೆಯುತ್ತದೆ. ನಾಯಕಿ ತಿರುಗುತ್ತಾಳೆ. ಅದೇ ತಿರುಗನ್ನು ಎಡದಿಂದ ತೋರಿಸುತ್ತಾರೆ, ಆಮೇಲೆ ಬಲದಿಂದ. ಅವಳ ಅಕ್ಕ ಕಣ್ಣರಳಿಸುತ್ತಾಳೆ. ಅಕ್ಕನ ಗಂಡ ಹುಬ್ಬೇರಿಸುತ್ತಾನೆ. ಮೂಲೆಯಲ್ಲಿ ಸುಮ್ಮನೆ ನಿಂತಿದ್ದ, ಇದುವರೆಗೆ ಒಂದೂ ಮಾತಾಡಿರದ ಮುದುಕನೂ ಬೆಚ್ಚಿಬೀಳುತ್ತಾನೆ. ಪ್ರತಿ ಮುಖಕ್ಕೂ ಒಂದೊಂದು ಗುಡುಗು. ಮತ್ತೆ ನಾಯಕಿ, ತುಟಿ ಅದುರುತ್ತದೆ, "ನೀ..." ಅನ್ನುತ್ತಾಳೆ. ಇವತ್ತಿಗೆ ಇಷ್ಟೇ. ನಾಳೆ ಮೊದಲ ನಾಲ್ಕು ನಿಮಿಷ ಇದನ್ನೇ ಮತ್ತೆ ತೋರಿಸಿ, "...ನು ಇಲ್ಲಿ?" ಎಂದು ವಾಕ್ಯ ಪೂರ್ತಿ ಮಾಡಿಸುತ್ತಾರೆ. ಬಂದವನು ಬಾಗಿಲಲ್ಲೇ ನಿಂತಿದ್ದಾನೆ, ಪಾಪ, ಬ್ಯಾಗ್ ಕೂಡ ಕೆಳಗಿಟ್ಟಿಲ್ಲ.

ಸಾವಿನ ವಿಷಯದಲ್ಲಿ ಒಂದು ನಿಯಮ ನೆನಪಿರಲಿ: ಶವ ಕಣ್ಣಾರೆ ಕಾಣದಿದ್ದರೆ ಅವನು ಸತ್ತಿಲ್ಲ, ನಟನ ಡೇಟ್ಸ್ ಸಿಕ್ಕಿಲ್ಲ ಅಷ್ಟೇ. ಶವ ಕಂಡರೂ ಪೂರ್ತಿ ನಂಬಬೇಡಿ. ವಾರಕ್ಕೊಮ್ಮೆ ಬರುತ್ತಿದ್ದ ಅಮೆರಿಕದ ಧಾರಾವಾಹಿ ಡಲ್ಲಾಸ್‌ನಲ್ಲಿ ಬಾಬಿ ಎಂಬಾತ ಸತ್ತ, ಇಡೀ ಒಂದು ಸೀಸನ್ ಅವನಿಲ್ಲದೆ ನಡೆಯಿತು. 1986ರಲ್ಲಿ ಹೆಂಡತಿ ನಿದ್ದೆಯಿಂದೆದ್ದು ನೋಡಿದರೆ ಗಂಡ ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದಾನೆ. ಆ ಇಡೀ ಸೀಸನ್ ಕನಸಂತೆ! ಅಷ್ಟು ಕಂತುಗಳಲ್ಲಿ ನಡೆದ ಮದುವೆ, ಮೋಸ, ಕೋರ್ಟು ಎಲ್ಲ ರದ್ದು. ಕನಸು ಕಂಡದ್ದು ಅವಳು, ನಿದ್ದೆ ಕೆಟ್ಟದ್ದು ವೀಕ್ಷಕರಿಗೆ.

ಇಷ್ಟಾದರೂ ದಿನದ ಧಾರಾವಾಹಿಗೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ. ಅದು ಮುಗಿಯುವುದಿಲ್ಲ, ಆದರೆ ಮುಗಿಯುತ್ತೇನೆಂದು ಆಸೆಯನ್ನೂ ಹುಟ್ಟಿಸುವುದಿಲ್ಲ. ಯಾವಾಗ ಬೇಕಾದರೂ ಎದ್ದು ಹೋಗಬಹುದು. ಒಂದು ತಿಂಗಳು ಬಿಟ್ಟು ಬಂದರೆ ಬಾಗಿಲಲ್ಲಿ ನಿಂತಿದ್ದವನು ಹೆಚ್ಚೆಂದರೆ ಸೋಫಾದ ತನಕ ತಲುಪಿರುತ್ತಾನೆ. ಬಟ್ಟೆ ಮಡಿಚುತ್ತ, ಫೋನಿನಲ್ಲಿ ಮಾತಾಡುತ್ತ, ಅರ್ಧ ಕಿವಿಯಲ್ಲಿ ಕೇಳಿಸಿಕೊಂಡರೂ ಅರ್ಥವಾಗುವಂತೆ ಕಟ್ಟಿದ ಕಲೆ ಇದು. ಬೇರೆ ಯಾವ ಪ್ರಕಾರವೂ ನೋಡುಗರ ಸೋಮಾರಿತನಕ್ಕೆ ಇಷ್ಟು ಮರ್ಯಾದೆ ಕೊಡುವುದಿಲ್ಲ.

ಸಿಟ್‌ಕಾಂ

ಸಿಟ್‌ಕಾಂ ಅಂದರೆ ಕಂತು ಕಂತಾಗಿ ಬರುವ ಹಾಸ್ಯ ಸರಣಿ. ದಣಿದು ಬಂದ ಸಂಜೆಗೆ ಇದಕ್ಕಿಂತ ಸುರಕ್ಷಿತ ಜಾಗ ಇಲ್ಲ. ಅರ್ಧ ಗಂಟೆಯ ಸ್ಲಾಟ್, ಜಾಹೀರಾತು ಕಳೆದರೆ ಇಪ್ಪತ್ತೆರಡು ನಿಮಿಷದ ಹತ್ತಿರ. ಅಷ್ಟರಲ್ಲಿ ಒಂದು ಸುಳ್ಳು, ಅದನ್ನು ಮುಚ್ಚಲು ಇನ್ನೊಂದು ಸುಳ್ಳು, ಬಯಲಾಗುವುದು, ರಾಜಿ. ಮುಂದಿನ ಕಂತಿಗೆ ಯಾರಿಗೂ ಏನೂ ನೆನಪಿರುವುದಿಲ್ಲ. ಮನೆಯ ಬಾಡಿಗೆ ಯಾರು ಕಟ್ಟುತ್ತಾರೆ, ಇವರೆಲ್ಲ ಕೆಲಸಕ್ಕೆ ಯಾವಾಗ ಹೋಗುತ್ತಾರೆ ಎಂದು ಮಾತ್ರ ಕೇಳಬಾರದು.

ಹಿನ್ನೆಲೆಯ ನಗು ಸಹಿಸಲಾಗದವರು ಇದ್ದಾರೆ. ಅವರಿಗೆ ಹೇಳಬೇಕಾದ ಕಥೆ ಇದು. ಚಾರ್ಲ್ಸ್ ಡಗ್ಲಾಸ್ ಎಂಬ ಸೌಂಡ್ ಎಂಜಿನಿಯರ್ 1950ರ ದಶಕದಲ್ಲಿ ನಗುವಿನ ಯಂತ್ರವೊಂದನ್ನು ಮಾಡಿದರು. ಟೈಪ್‌ರೈಟರಿನ ಹಾಗೆ ಕೀಲಿಗಳು: ಒಂದು ಒತ್ತಿದರೆ ಕಿಸಕ್ ನಗು, ಇನ್ನೊಂದು ಒತ್ತಿದರೆ ಬಿದ್ದುಬಿದ್ದು ನಗು. ಕಾಲಿನ ಪೆಡಲ್ ಬೇರೆ. ಯಂತ್ರಕ್ಕೆ ಬೀಗ ಹಾಕಿ, ಸ್ಟುಡಿಯೋದಿಂದ ಸ್ಟುಡಿಯೋಗೆ ಸಾಗಿಸಿ, ಒಳಗೇನಿದೆ ಎಂದು ಹೊರಗಿನವರಿಗೆ ತೋರಿಸದೆ ಕಾಪಾಡಿಕೊಂಡಿದ್ದರು. ನಿಮ್ಮ ಪಕ್ಕದಲ್ಲಿ ಕೂತು ತನ್ನ ಜೋಕಿಗೆ ತಾನೇ ನಗುವ ಗೆಳೆಯನಿಗಿಂತ ಈ ಪೆಟ್ಟಿಗೆ ವಾಸಿ. ಇದಕ್ಕೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿತ್ತು. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಮೇಲಿನ ಮ್ಯಾಶ್‌ನಲ್ಲಿ ಶಸ್ತ್ರಚಿಕಿತ್ಸೆಯ ದೃಶ್ಯಗಳಿಗೆ ಮಾತ್ರ ನಗು ಬೇಡವೆಂದು ತಯಾರಕರು ಪಟ್ಟು ಹಿಡಿದು ಗೆದ್ದರು. ಆ ಯುದ್ಧ ನಡೆದದ್ದು 1950ರಿಂದ 1953ರವರೆಗೆ, ಮ್ಯಾಶ್ ನಡೆದದ್ದು 1972ರಿಂದ 1983ರವರೆಗೆ. ಮೂರು ವರ್ಷದ ಜಗಳವನ್ನು ಹನ್ನೊಂದು ವರ್ಷ ಹೇಳಿದರೂ ಜನಕ್ಕೆ ಸಾಕೆನಿಸಲಿಲ್ಲ: ಕೊನೆಯ ಕಂತನ್ನು ಅಮೆರಿಕದಲ್ಲಿ 10 ಕೋಟಿಗೂ ಹೆಚ್ಚು ಮಂದಿ ನೋಡಿದರು.

ಆದರೆ ನಾನು ಮೊದಲು ಕೈ ತೋರಿಸುವುದು ಫಾಲ್ಟಿ ಟವರ್ಸ್ ಕಡೆಗೆ. 1975ರಲ್ಲಿ 6, 1979ರಲ್ಲಿ 6, ಒಟ್ಟು 12 ಕಂತು. ಅಷ್ಟು ಜನಪ್ರಿಯವಾದ ಮೇಲೂ ಇನ್ನೊಂದು ಡಜನ್ ತಳ್ಳಲಿಲ್ಲ. ಒಂದು ಶನಿವಾರ ಕೂತರೆ ಮುಗಿಯಿತು, ಬಾಕಿ ಏನೂ ಉಳಿಯುವುದಿಲ್ಲ.

ವೆಬ್ ಸರಣಿ

ಅಸಲಿ ಅಪಾಯ ಇರುವುದು ಇಲ್ಲಿ. ಧಾರಾವಾಹಿ ಮುಗಿಯುವುದಿಲ್ಲ ಎಂದು ಮುಖಕ್ಕೆ ಹೇಳುತ್ತದೆ. ವೆಬ್ ಸರಣಿ ಮುಗಿಯುತ್ತೇನೆ, ಮುಗಿಯುತ್ತೇನೆ ಎನ್ನುತ್ತಲೇ ನಿಮ್ಮ ಕೈಯಿಂದ ರಾತ್ರಿಯನ್ನು ಕಿತ್ತುಕೊಳ್ಳುತ್ತದೆ.

2013ರ ಫೆಬ್ರವರಿ 1ರಂದು ನೆಟ್‌ಫ್ಲಿಕ್ಸ್ ಹೌಸ್ ಆಫ್ ಕಾರ್ಡ್ಸ್‌ನ 13 ಕಂತುಗಳನ್ನೂ ಒಟ್ಟಿಗೇ ಬಿಟ್ಟಿತು. ಅದಕ್ಕೂ ಮುಂಚೆ "ಮುಂದಿನ ವಾರ" ಎಂಬ ಎರಡು ಪದ ಮನುಷ್ಯನನ್ನು ಹಾಸಿಗೆಗೆ ಕಳಿಸುತ್ತಿತ್ತು. ಆ ಕಾವಲುಗಾರ ಈಗಿಲ್ಲ. ಕಂತು ಮುಗಿಯುತ್ತಿದ್ದ ಹಾಗೆ ಮೂಲೆಯಲ್ಲಿ ಸೆಕೆಂಡುಗಳ ಎಣಿಕೆ ಶುರುವಾಗುತ್ತದೆ, ನೀವು ಬೇಡ ಅನ್ನುವಷ್ಟರಲ್ಲಿ ಮುಂದಿನದು ಓಡುತ್ತಿರುತ್ತದೆ. ಇದನ್ನು ಆಫ್ ಮಾಡಬಹುದು, ಖಾತೆಯ ಪ್ರೊಫೈಲ್ ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್ ಅಡಿಯಲ್ಲಿ ಆಟೊಪ್ಲೇ ಎಂದಿರುತ್ತದೆ. ಇಡೀ ಲೇಖನದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ.

ಎದ್ದು ಹೋಗುವ ಉಪಾಯ ಇನ್ನೊಂದಿದೆ. ಕಂತು ಮುಗಿಯುವ ಹೊತ್ತಿಗೆ ಯಾರದ್ದೋ ತಲೆಗೆ ಬಂದೂಕು ಇಟ್ಟಿರುತ್ತಾರೆ, ಅಲ್ಲಿ ನಿಲ್ಲಿಸಿದರೆ ನಿದ್ದೆ ಬರುವುದಿಲ್ಲ. ಹಾಗಾಗಿ ಮುಂದಿನ ಕಂತಿನ ಮೊದಲ ಹತ್ತು ನಿಮಿಷ ನೋಡಿ ನಿಲ್ಲಿಸಿ. ಅಷ್ಟರಲ್ಲಿ ಬಂದೂಕಿನಲ್ಲಿ ಗುಂಡಿಲ್ಲವೆಂದು ಗೊತ್ತಾಗಿರುತ್ತದೆ, ಎಲ್ಲರೂ ಕೂತು ಬಾಲ್ಯದ ನೆನಪು ತೆಗೆದಿರುತ್ತಾರೆ. ಕಣ್ಣು ತಾನಾಗಿ ಮುಚ್ಚುತ್ತದೆ.

ಶುರು ಮಾಡುವ ಮುಂಚೆ, ಪೂರ್ತಿ ನೋಡಿದ ಒಬ್ಬರನ್ನು ಹಿಡಿದು "ಕೊನೆ ಹೇಗಿದೆ?" ಎಂದು ಕೇಳಿ. ಕಥೆ ಹೇಳುವುದು ಬೇಡ, ಮುಖ ನೋಡಿದರೆ ಸಾಕು. "ಮೊದಲ ನಾಲ್ಕು ಸೀಸನ್ ಮಾತ್ರ ಅದ್ಭುತ" ಎಂದರೆ ಉತ್ತರ ಸಿಕ್ಕಿತು. ಗೇಮ್ ಆಫ್ ಥ್ರೋನ್ಸ್ 2019ರಲ್ಲಿ ಮುಗಿದಾಗ, ಕೊನೆಯ ಸೀಸನ್ನನ್ನು ಮತ್ತೆ ತೆಗೆಯಿರಿ ಎಂಬ ಮನವಿಗೆ 10 ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಸಹಿ ಹಾಕಿದರು. ಅದೇ ಸೀಸನ್ನಿನ ಒಂದು ದೃಶ್ಯದಲ್ಲಿ, ಕತ್ತಿ ಗುರಾಣಿಗಳ ಕಾಲದ ಮೇಜಿನ ಮೇಲೆ ಇಂದಿನ ಕಾಗದದ ಲೋಟವೊಂದು ರಾಜಗಾಂಭೀರ್ಯದಿಂದ ಕೂತಿತ್ತು. ಕೆಲವರ ಪ್ರಕಾರ ಆ ಸೀಸನ್ನಿನಲ್ಲಿ ತನ್ನ ಪಾತ್ರಕ್ಕೆ ನಿಷ್ಠವಾಗಿದ್ದದ್ದು ಅದೊಂದೇ.

ಕೊನೆ ಎಲ್ಲಿ ಎಂದು ತಿಳಿಯದೆ ಬರೆದ ಒಗಟಿನ ಸರಣಿಗಳು ಬಹುತೇಕ ಬೆಟ್ಟ ಅಗೆದು ಇಲಿ ಹಿಡಿಯುತ್ತವೆ. ಲಾಸ್ಟ್ ಎಂಬ ಸರಣಿಯವರು ಇದನ್ನು ಅರಿತೇ 2007ರಲ್ಲಿ, "2010ಕ್ಕೆ ಮುಗಿಸುತ್ತೇವೆ" ಎಂದು ಚಾನೆಲ್ ಜೊತೆ ಮೊದಲೇ ಗೊತ್ತುಮಾಡಿಕೊಂಡರು. ದಿನಾಂಕ ಸಿಕ್ಕಿತು. ಇಲಿಯ ಬಗ್ಗೆ ಜಗಳ ಇವತ್ತಿಗೂ ನಡೆದಿದೆ.

"ಐದನೇ ಎಪಿಸೋಡ್ ತನಕ ಸ್ವಲ್ಪ ತಡ್ಕೋ, ಆಮೇಲೆ ಕುದುರುತ್ತೆ" ಎಂದು ಶಿಫಾರಸು ಮಾಡುವವರನ್ನು ದೂರ ಇಡಿ. ಐದು ಗಂಟೆ ತಡೆದುಕೊಂಡ ಮೇಲೆ ಯಾರಿಗಾದರೂ ಕುದುರಿದಂತೆಯೇ ಕಾಣುತ್ತದೆ. ಬದಲು, ಕಂತುಗಳ ಸಂಖ್ಯೆ ಮೊದಲೇ ನಿಗದಿಯಾಗಿ ಎರಡನೇ ಸೀಸನ್ನಿನ ಆಸೆ ಇಲ್ಲದ ಕಿರುಸರಣಿ ಆರಿಸಿ. 2019ರ ಚೆರ್ನೋಬಿಲ್ 5 ಕಂತಿನಲ್ಲಿ ಮುಗಿಯಿತು. ರಿಯಾಕ್ಟರು ಸಿಡಿದ ಕಥೆಗೇ ಐದು ಸಾಕಾದರೆ, ಪ್ರೇಮಿಗಳಿಬ್ಬರು ಮಾತಾಡಿ ಬಗೆಹರಿಸಿಕೊಳ್ಳಬಹುದಾದ ವಿಷಯಕ್ಕೆ ಮೂವತ್ತು ಏಕೆ?

ರಿಯಾಲಿಟಿ ಶೋ

ಬಿಗ್ ಬ್ರದರ್ 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿ ಲೋಕವೆಲ್ಲ ಹಬ್ಬಿತು. ಬಾಗಿಲೇ ಇಲ್ಲಿ ಮುಖ್ಯ ಪಾತ್ರ: ಒಂದೇ ಮನೆಯಲ್ಲಿ ಕೂಡಿಹಾಕಿದ ಸ್ಪರ್ಧಿಗಳಲ್ಲಿ ಆಗಾಗ ಒಬ್ಬರು ಹೊರಗೆ ಹೋಗುತ್ತಾರೆ, ನೋಡುವವರು ಮಾತ್ರ ಒಳಗೇ ಉಳಿಯುತ್ತಾರೆ. ಇಡೀ ವಾರ ನೋಡುವ ಅಗತ್ಯವಿಲ್ಲ. ಹೊರಹಾಕುವ ದಿನದ ಕೊನೆಯ ಕಾಲು ಗಂಟೆ ಸಾಕು, ಅದರಲ್ಲೂ ಹೆಚ್ಚಿನದು ನಿರೂಪಕರು ಲಕೋಟೆ ಹಿಡಿದು ಉಸಿರು ಬಿಗಿಹಿಡಿಯುವುದೇ.

ಸಾಕ್ಷ್ಯಚಿತ್ರ

ಪ್ರಾಣಿಗಳದ್ದು ಆರಿಸಿ, ಅಪರಾಧದ್ದು ಬಿಡಿ. ಅಪರಾಧದ್ದರಲ್ಲಿ ಒಂದೂವರೆ ಗಂಟೆಯ ವಿಷಯವನ್ನು ಆರು ಗಂಟೆಗೆ ಎಳೆದಿರುತ್ತಾರೆ. ಊರಿನ ಮೇಲೆ ಡ್ರೋನ್ ಹಾರುತ್ತದೆ, ಖಾಲಿ ಕುರ್ಚಿಗೆ ನಿವೃತ್ತ ಪೊಲೀಸರು ಬಂದು ಕೂರುತ್ತಾರೆ, ಮೈಕ್ ಸರಿಮಾಡಿಕೊಳ್ಳುತ್ತಾರೆ, ನಿಟ್ಟುಸಿರು ಬಿಡುತ್ತಾರೆ. ಕೊನೆಗೆ ಪ್ರಕರಣ ಇನ್ನೂ ಬಗೆಹರಿದಿಲ್ಲ ಎಂಬ ಒಂದು ಸಾಲು.

ಪ್ರಾಣಿಗಳ ಚಿತ್ರದಲ್ಲೂ ಸುಳ್ಳಿದೆ, ಆದರೆ ಹೆಚ್ಚಿನದು ಸಭ್ಯ ಸುಳ್ಳು. ದೂರದ ಲೆನ್ಸಿನಲ್ಲಿ ಸೆರೆಸಿಕ್ಕ ಕರಡಿಯ ಹೆಜ್ಜೆ ಸದ್ದು ಅಷ್ಟು ಸ್ಪಷ್ಟವಾಗಿ ಕೇಳುವುದು ಹೇಗೆ? ಸ್ಟುಡಿಯೋದಲ್ಲಿ ಒಬ್ಬರು ಜೋಳದ ಪಿಷ್ಟ ತುಂಬಿದ ಚೀಲವನ್ನು ಕರಡಿಯ ನಡಿಗೆಗೆ ಸರಿಯಾಗಿ ಹಿಸುಕುತ್ತಿರುತ್ತಾರೆ. ಹಿಮ ತುಳಿದ ಸದ್ದು ಥೇಟ್ ಹಾಗೇ ಬರುತ್ತದೆ. ಇದನ್ನು ತಿಳಿದ ಮೇಲೆ ಗಂಭೀರ ದೃಶ್ಯದಲ್ಲೂ ಕಣ್ಣಿಗೆ ಕಾಣುವುದು ಆ ಚೀಲವೇ. ಎಲ್ಲ ಸುಳ್ಳೂ ಇಷ್ಟು ಸಾಧುವಲ್ಲ: 1958ರ ವೈಟ್ ವೈಲ್ಡರ್‌ನೆಸ್ ಎಂಬ ಚಿತ್ರದಲ್ಲಿ ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ತಾವಾಗಿ ಸಾಯಲು ಹಾರಿದಂತೆ ತೋರಿಸಿದರು, ಅವನ್ನು ತಂದು ದಡದಿಂದ ತಳ್ಳಿದ್ದರೆಂದು ಮುಂದೆ ಬಯಲಾಯಿತು. ಲೆಮ್ಮಿಂಗ್‌ಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ಮಾತು ಮಾತ್ರ ಇನ್ನೂ ಸತ್ತಿಲ್ಲ.

ಸುಳ್ಳೇ ಬೇಡವೆಂದರೆ ನಾರ್ವೆಯವರ ಹತ್ತಿರ ಹೋಗಿ. ಅಲ್ಲಿನ ಸಾರ್ವಜನಿಕ ವಾಹಿನಿ ಎನ್‌ಆರ್‌ಕೆ 2009ರಲ್ಲಿ ಬರ್ಗನ್‌ನಿಂದ ಓಸ್ಲೋಗೆ ಹೋಗುವ ರೈಲಿಗೆ ಕ್ಯಾಮೆರಾ ಕಟ್ಟಿ, ಏಳು ಗಂಟೆಗೂ ಮಿಕ್ಕ ಪ್ರಯಾಣವನ್ನು ಪೂರ್ತಿ ತೋರಿಸಿತು. ಸುರಂಗ ಬಂದಾಗ ಮಾತ್ರ ಹಳೆಯ ರೈಲಿನ ಚಿತ್ರಗಳು. ಜನ ಮುಗಿಬಿದ್ದು ನೋಡಿದರು. 2011ರಲ್ಲಿ ಹಡಗಿನ ಸರದಿ, 134 ಗಂಟೆ ನೇರಪ್ರಸಾರ. ನಗಬೇಡಿ. ನಾಯಕ ಯಾರು, ಎಲ್ಲಿಗೆ ಹೋಗುತ್ತಾನೆ, ಎಷ್ಟು ಹೊತ್ತಿಗೆ ಮುಟ್ಟುತ್ತಾನೆ, ಎಲ್ಲ ಮೊದಲೇ ಗೊತ್ತು. ನಡುವೆ ನಿದ್ದೆ ಮಾಡಿದರೆ ರೈಲು ಬೇಸರಪಟ್ಟುಕೊಳ್ಳುವುದಿಲ್ಲ.

ಜೊತೆಗೆ ಯಾರಿದ್ದಾರೆ?

ಒಬ್ಬರೇ ಇದ್ದರೆ ಮೇಲಿನದರಲ್ಲಿ ಏನಾದರೂ ಆದೀತು. ಇಬ್ಬರಾದರೆ ಲೆಕ್ಕ ಬದಲು.

ಹತ್ತು ನಿಮಿಷಕ್ಕೆ ಗೊರಕೆ ಹೊಡೆದು, ಎಬ್ಬಿಸಿದರೆ "ನೋಡ್ತಾನೇ ಇದ್ದೀನಿ" ಅನ್ನುವವರಿಗೆ ದಿನದ ಧಾರಾವಾಹಿ, ಇಲ್ಲವೇ ನಾರ್ವೆಯ ರೈಲು. ಫೋನಿನಿಂದ ತಲೆಯೆತ್ತದವರಿಗೆ ಸಿಟ್‌ಕಾಂ. ಎಲ್ಲಿ ನಗಬೇಕೆಂದು ಪೆಟ್ಟಿಗೆಯೇ ಹೇಳುತ್ತದೆ, ತಲೆ ಬಗ್ಗಿಸಿಯೇ ನಗಬಹುದು. ಐದೈದು ನಿಮಿಷಕ್ಕೆ "ಇವನ್ಯಾರು? ಆಗ ಸತ್ತವನಲ್ವಾ?" ಎಂದು ಕೇಳುವವರ ಜೊತೆ ರಾಜಮನೆತನಗಳ ಸರಣಿ ಹಾಕಬೇಡಿ, ವಂಶಾವಳಿ ವಿವರಿಸುವುದರಲ್ಲೇ ಬೆಳಗಾಗುತ್ತದೆ. 1960ರಲ್ಲಿ ಸೈಕೋ ಬಿಡುಗಡೆಯಾದಾಗ ಅದರ ನಿರ್ದೇಶಕ ಹಿಚ್‌ಕಾಕ್, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಚಿತ್ರಮಂದಿರಗಳಿಗೆ ಕಟ್ಟಪ್ಪಣೆ ಮಾಡಿದ್ದರು. ಮನೆಯಲ್ಲಿ ಈ ನಿಯಮ ತರಲು ಹೋಗಬೇಡಿ, ಹೊರಗೆ ಉಳಿಯುವವರು ನೀವೇ ಆಗಬಹುದು.

ಇನ್ನು ಎಲ್ಲರಿಗಿಂತ ಕಷ್ಟದವರು, ನಿಮಗಿಂತ ಮೊದಲೇ ನೋಡಿ ಬಂದು, ತುಟಿ ಕಚ್ಚಿಕೊಂಡು, "ಅವನ ಮೇಲೆ ಒಂದು ಕಣ್ಣಿಡು" ಎಂದಷ್ಟೇ ಹೇಳಿ ಸುಮ್ಮನಾಗುವವರು. ಇವರಿಗೆ 1971ರಲ್ಲಿ ಸರಣಿಯಾಗಿ ಶುರುವಾದ ಕೊಲಂಬೊ ಹಾಕಿ. ಬಹುತೇಕ ಎಲ್ಲ ಕಂತುಗಳಲ್ಲೂ ಕೊಲೆ ಮಾಡುವವನನ್ನು ಮೊದಲಿಗೇ ತೋರಿಸಿಬಿಡುತ್ತಾರೆ, ಪತ್ತೇದಾರ ಅವನನ್ನು ಹಿಡಿಯುವುದು ಹೇಗೆ ಎಂಬುದೇ ಕಥೆ. ಪ್ರತಿ ಕಂತೂ ಅದರ ಪಾಡಿಗೆ ಅದು ಮುಗಿಯುತ್ತದೆ, ಪಕ್ಕದಲ್ಲಿ ಕೂತವರ ಬಳಿ ಹೇಳಿ ಹಾಳುಮಾಡಲು ಏನೂ ಉಳಿದಿರುವುದಿಲ್ಲ.